ಮೀನಿಲ್ಲದ ಸಮುದ್ರ

ನಾಗವೇಣಿ ತೀರಿಕೊಂಡ ಮೇಲೆ ನಮ್ಮ ಹಿಂದಿನ ಕೋಣೆಯ ಒಂದು ಕಲ್ಲು ಅಲ್ಲಾಡತೊಡಗಿತು. ಅವಳು ಮಲಗುತ್ತಿದ್ದ ಮಂಚದ ಬದಿಯ ಕಲ್ಲು. ನಳದ ಪೈಪು ಹಾಕಲು ಓಣಿಯಲ್ಲಿ ಗೋಡೆಯ ಬುಡದವರೆಗೂ ಅಗೆದಿದ್ದರು. ಈ ಸಲದ ಮಳೆಯ ನೀರು ಅದರೊಳಗೆ ಇಳಿದು, ಕಲ್ಲಿನ ಒಂದು ಮೂಲೆಯ ಕೆಳಗಿನ ಮಣ್ಣನ್ನು ತೆಗೆದುಕೊಂಡು ಹೋಗಿರಬೇಕು. ಕಾಲಿಟ್ಟರೆ ಟಕ್ ಎನ್ನುತ್ತಿತ್ತು. ಮೊದಲ ಸಲ ಆ ಸದ್ದು ಬಂದಾಗ, ಅಡುಗೆಮನೆಯಿಂದ ಅವಳು "ಎಂತ ಬಿತ್ತು?" ಎಂದು ಕೇಳುತ್ತಾಳೆ ಅಂದುಕೊಂಡು ನಿಂತೆ. ಆಮೇಲೆ ಹಾಗೆ ನಿಲ್ಲುವುದನ್ನು ಬಿಟ್ಟೆ.

ಮಗಳು ಸುಮಾ ನನ್ನ ಜೊತೆಗೇ ಇದ್ದಾಳೆ. ದಿನಾ ಆ ಕೋಣೆಗೆ ನೀರು ಹಾಕಿ ಒರೆಸುತ್ತಾಳೆ. ಬಿಸಿಲಿಗೆ ಕಾದ ಶಹಾಬಾದ ಕಲ್ಲಿನ ಮೇಲೆ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ. ಮಣ್ಣಿನ ವಾಸನೆಯಲ್ಲ, ಸುಣ್ಣದ್ದೂ ಅಲ್ಲ. ಈ ಊರಿನಲ್ಲಿ ಹುಟ್ಟಿದ ನಮಗೆ ಅದು ಮನೆಯ ವಾಸನೆ. ನಾಗವೇಣಿ ಮಾತ್ರ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದಳು.

"ಅಪ್ಪಾ, ಎಡವಿ ಬೀಳ್ತಿ ಒಂದಿನ. ಗವಂಡಿಗಿ ಹೇಳು, ಎತ್ತಿ ಸರಿ ಮಾಡ್ತಾನ" ಎಂದು ಸುಮಾ ಹೇಳುತ್ತಲೇ ಇದ್ದಳು. ನಾನು ಇವತ್ತು ನಾಳೆ ಎಂದು ಮುಂದೆ ಹಾಕಿದೆ. ಆ ಕಲ್ಲನ್ನು ಎತ್ತಬಾರದು ಎಂದು ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ತೀರ್ಮಾನವಾಗಿತ್ತು. ಅದು ನಮ್ಮ ರಾಜ್ಯದ ಹೆಸರು ಮೈಸೂರು ಇದ್ದದ್ದು ಕರ್ನಾಟಕ ಆದ ವರ್ಷ.

ಆ ವರ್ಷದ ಬೇಸಿಗೆಯಲ್ಲಿ ನಾಗವೇಣಿ ಸರ್ಕಾರಿ ದವಾಖಾನೆಗೆ ನರ್ಸ್ ಆಗಿ ಬಂದಳು. ಅಂಕೋಲೆಯ ಕಡೆ, ಸಮುದ್ರದ ದಂಡೆಯ ಒಂದು ಹಳ್ಳಿಯವಳು. ಮೊದಲ ನೇಮಕಾತಿಯೇ ಶಹಾಬಾದಿಗೆ ಬಂದಿತ್ತು. ನಮ್ಮ ಮನೆಯ ಹಿಂದಿನ ಕೋಣೆ ಖಾಲಿ ಇತ್ತು. ಅಪ್ಪ ಇರಲಿಲ್ಲ, ನಾನೂ ಅವ್ವನೂ ಇಬ್ಬರೇ. ಒಬ್ಬಂಟಿ ಹೆಣ್ಣುಮಗಳು, ಸರ್ಕಾರಿ ಕೆಲಸದಾಕಿ ಎಂದು ಅವ್ವ ಆ ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ನಾನು ಆಗ ರೈಲ್ವೆ ಸೈಡಿಂಗಿನಲ್ಲಿ, ವ್ಯಾಗನ್ನುಗಳಿಗೆ ಕಲ್ಲು ತುಂಬುವ ಕಡೆ ಕೆಲಸ ಮಾಡುತ್ತಿದ್ದೆ. ಯಾವ ಕಲ್ಲು ಯಾವ ವ್ಯಾಗನ್ನಿಗೆ ಎಂದು ಸುಣ್ಣದ ಕಡ್ಡಿಯಿಂದ ಗುರುತು ಹಾಕುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ ಹುಬ್ಬಿನವರೆಗೂ ಕಲ್ಲಿನ ಪುಡಿ.

ಅವಳು ಬಂದ ದಿನ ಟ್ರಂಕು ಇಳಿಸಿ, ಆಕಾಶ ನೋಡಿ, "ಇಲ್ಲಿ ನೀರು ಯಾವ ಕಡೆ?" ಎಂದು ಕೇಳಿದಳು.

"ನಳ ಓಣಿ ತುದ್ಯಾಗ ಅದ. ಮುಂಜಾನಿ ಬರ್ತದ" ಎಂದಳು ಅವ್ವ.

"ಅದಲ್ಲ ಅಮ್ಮಾ. ಹೊಳೆ, ಸಮುದ್ರ, ಅಂಥದ್ದು."

ಅವ್ವ ನನ್ನ ಮುಖ ನೋಡಿದಳು. "ಕಾಗಿಣಾ ಹೊಳಿ ಅದವ್ವಾ. ಆದ್ರ ಈಗ ಅದರಾಗ ಎಮ್ಮೀನೂ ಮುಳುಗಂಗಿಲ್ಲ."

ಬಂದ ವಾರದಲ್ಲೇ ಅವಳು ತನ್ನ ಜಿಲ್ಲೆಗೆ ವರ್ಗ ಕೇಳಿದ್ದಳು. ಅದನ್ನು ಮುಚ್ಚಿಡಲಿಲ್ಲ. "ಆರ್ಡರ್ ಬರೋವರೆಗೆ ಇರ್ತೇನೆ" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಬರಬಹುದು ಎಂದು ದವಾಖಾನೆಯವರು ಹೇಳಿದ್ದರಂತೆ. ಶಹಾಬಾದಿನ ಬೇಸಿಗೆಯಲ್ಲಿ ಮಳೆಗಾಲ ಎನ್ನುವುದು ಭಾಳ ದೂರದ ಮಾತು. ನಾನು ಆ ಮಾತನ್ನು ದೂರದಲ್ಲೇ ಇಟ್ಟಿದ್ದೆ.

ಮಧ್ಯಾಹ್ನ ಅವಳು ಊಟಕ್ಕೆ ಬಂದಾಗ ಕಾಲು ತೊಳೆಯುವುದನ್ನು ನೋಡಿ ಅವ್ವ ಗೊಣಗುತ್ತಿದ್ದಳು. ಕೊಡದ ಬಾಯಿಯಿಂದ ಸಣ್ಣಗೆ ನೀರು ಬಿಟ್ಟುಕೊಂಡು, ಒಂದು ಕಾಲ ಮೇಲೆ ಇನ್ನೊಂದು ಕಾಲು ಇಟ್ಟು, ಅವಸರವಿಲ್ಲದೆ ನಿಂತಿರುತ್ತಿದ್ದಳು. "ಕಾಲು ತೊಳಿಯಾಕತ್ತಾಳೋ, ಕಾಲಿಗಿ ನೀರು ಕುಡಿಸಾಕತ್ತಾಳೋ" ಎನ್ನುತ್ತಿದ್ದಳು ಅವ್ವ. ಆದರೆ ಬೆಳಿಗ್ಗೆ ನಳ ಬಂದಾಗ ಅವಳ ಪಾಲಿಗೆ ಒಂದು ಕೊಡ ಹೆಚ್ಚಿಗೆ ತುಂಬಿಡಲು ನನಗೆ ಹೇಳುವವಳೂ ಅವ್ವನೇ.

ಮುಂಗಾರಿನ ಮಿರಗದ ಮಳೆ ಬೀಳುವ ಮೊದಲು ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ಎಲ್ಲೋ ಇಲಿ ಸತ್ತಿದೆ ಎಂದು ಅವ್ವ ನಿರ್ಧರಿಸಿದಳು. ಜೋಳ ತುಂಬಿದ ಗುಮ್ಮಿ ಸರಿಸಿದೆವು, ಒಲೆಯ ಹಿಂದೆ ನೋಡಿದೆವು, ಮಾಡಿನ ತೊಲೆಯ ಸಂದಿಗೆ ಕೋಲು ಹಾಕಿ ತಿವಿದೆವು. ನಾಗವೇಣಿಯೂ ನಮ್ಮ ಜೊತೆ ಹುಡುಕಿದಳು. ಅವ್ವ ಮೂಗಿಗೆ ಸೆರಗು ಹಿಡಿದು ಹಿಂದಿನ ಕೋಣೆಗೆ ಹೋಗಿ ಟ್ರಂಕಿನ ಹತ್ತಿರ ಬಗ್ಗಿದಾಗ, ಅವಳು ಬಾಗಿಲಲ್ಲೇ ನಿಂತು ಹೇಳಿದಳು:

"ಅಮ್ಮಾ, ಅದು ಇಲಿ ಅಲ್ಲ. ಸೀಗಡಿ."

"ಸೀಗಡಿ ಅಂದ್ರ?"

"ಮೀನಿನ ಜಾತೀದು. ಅಣ್ಣ ಕಳಿಸಿದ್ದ. ಒಣಗಿಸಿದ್ದು."

ಅವ್ವ ಅಲ್ಲೇ ಕೂತಳು. ಕೊರಳಿನ ಲಿಂಗದ ಮೇಲೆ ಕೈ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಬಹಳ ಗಂಭೀರವಾಗಿ ಕೇಳಿದಳು: "ಸತ್ತು ಎಷ್ಟು ದಿನ ಆತು?"

ನಾನು ನಕ್ಕುಬಿಟ್ಟೆ. ನಾಗವೇಣಿ ನಗು ತಡೆಯಲು ಹೋಗಿ ಅಳತೊಡಗಿದಳು. ಟ್ರಂಕಿನಲ್ಲಿಟ್ಟ ಸೀಗಡಿಯ ಡಬ್ಬಿಯನ್ನು ನೋಡಿದರೆ ಮನೆ ನೆನಪಾಗುತ್ತದೆ, ತಿನ್ನದಿದ್ದರೂ ಇರಲಿ ಅಂತ ಇಟ್ಟುಕೊಂಡಿದ್ದೆ, ಎಸೆಯುತ್ತೇನೆ ಎಂದಳು. ಅವ್ವ ಎಸೆಯಬೇಡ ಎಂದಳು. "ಅನ್ನ ಅದು, ನಿಮ್ಮ ಮಂದೀದು. ಎಸಿಬಾರ್ದು. ಆದ್ರ ನಮ್ಮ ಮನ್ಯಾಗ ಬ್ಯಾಡವ್ವಾ." ಕೊನೆಗೆ ಡಬ್ಬಿ ಓಣಿಯಾಚೆಯ ಗವಂಡಿ ಮೌಲಾಸಾಬರ ಮನೆ ಸೇರಿತು. ಭಾನುವಾರ ನಾಗವೇಣಿ ಅಲ್ಲಿಗೆ ಹೋಗಿ, ಅವರ ಹೆಂಡತಿಯ ಜೊತೆ ಕೂತು ಅಡುಗೆ ಮಾಡಿ ಉಂಡು ಬರುತ್ತಿದ್ದಳು. ಬಂದ ಮೇಲೆ ಅವ್ವ ಅವಳನ್ನು ಹೊರಗೇ ನಿಲ್ಲಿಸಿ ಬಾಯಿ ಮುಕ್ಕಳಿಸಲು ನೀರು ಕೊಡುತ್ತಿದ್ದಳು. ಆಮೇಲೆ, "ಉಂಡ್ಯಾ? ಹೊಟ್ಟಿ ತುಂಬ ಉಂಡ್ಯಾ?" ಎಂದು ಕೇಳುತ್ತಿದ್ದಳು.

ಮೌಲಾಸಾಬರು ಮನೆಗಳಿಗೆ ನೆಲ ಹಾಕುವವರು. ನಮ್ಮ ಊರಿನ ಕಲ್ಲು ಪದರು ಪದರಾಗಿ ಬಿಡುತ್ತದೆ. ಗಣಿಯಲ್ಲಿ ಸಂದಿಗೆ ಉಳಿ ಕೊಟ್ಟು ಹಗುರಾಗಿ ಹೊಡೆದರೆ ರೊಟ್ಟಿಯ ಪಾಪಡಿ ಎದ್ದಂತೆ ಒಂದೊಂದೇ ಹಾಸು ಏಳುತ್ತದೆ. ಅದನ್ನೇ ಪರಸಿ ಎನ್ನುತ್ತೇವೆ. ಹೆಚ್ಚಿನವು ನುಣುಪು. ಕೆಲವು ಪದರುಗಳ ಮೇಲೆ ಮಾತ್ರ ಒಂದರ ಪಕ್ಕ ಒಂದು ಸುಕ್ಕುಗಳು ಇರುತ್ತವೆ. ಅಂಥ ಕಲ್ಲಿಗೆ ನಮ್ಮಲ್ಲಿ ಮುದುಕಿ ಎಂದು ಹೆಸರು. ಯಾರೂ ಕೊಳ್ಳುವುದಿಲ್ಲ. ದನದ ಕೊಟ್ಟಿಗೆಗೆ, ಬಟ್ಟೆ ಒಗೆಯಲು ಹೋಗುತ್ತವೆ. ತೀರ ಬಡವರ ಮನೆಗೆ ಅವನ್ನೇ ಹಾಕಬೇಕಾಗಿ ಬಂದರೆ ಗವಂಡಿಯಾದವನು ಸುಕ್ಕಿನ ಮುಖವನ್ನು ಕೆಳಗೆ ಮಾಡಿ, ಹಿಂದಿನ ನುಣುಪು ಬದಿಯನ್ನು ಮೇಲೆ ತಂದು ಹಾಸುತ್ತಾನೆ. ಮನೆಯವರನ್ನು ಕೇಳಿ ಮಾಡುವ ಕೆಲಸವಲ್ಲ ಅದು. ಮಾಡಿ ಸುಮ್ಮನಿರುತ್ತಾನೆ. ಬಂದ ನೆಂಟರಿಗೆ ಈ ಮನೆಯಲ್ಲಿ ಕೆಟ್ಟ ಕಲ್ಲು ಇದೆ ಎಂದು ತಿಳಿಯಬಾರದು, ಅಷ್ಟೇ.

ಮಳೆ ಶುರುವಾದ ಮೇಲೆ ಒಂದು ಭಾನುವಾರ ಗಣಿಯ ಗುಡಿಸಲುಗಳ ಕಡೆ ಒಬ್ಬ ಬಾಣಂತಿಯನ್ನು ನೋಡಲು ನಾಗವೇಣಿ ಹೋಗಬೇಕಾಯಿತು. ದಾರಿ ತೋರಿಸಲು ಅವ್ವ ನನ್ನನ್ನು ಕಳಿಸಿದಳು. ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದರು. ಬರುವಾಗ ಗಣಿಯ ಅಂಚಿನಲ್ಲಿ ನಡೆದೆವು. ಕೆಲಸ ನಿಂತಿತ್ತು. ಕೆಳಗೆ, ಹೊಸದಾಗಿ ತೆರೆದ ಒಂದು ಪದರಿನ ಮೇಲೆ, ತೆಳ್ಳಗೆ ಮಳೆನೀರು. ಇಡೀ ಹಾಸು ಮುದುಕಿ. ಸುಕ್ಕುಗಳ ತಗ್ಗಿನಲ್ಲಿ ಉದ್ದುದ್ದ ನೀರಿನ ಗೆರೆಗಳು ಹೊಳೆಯುತ್ತಿದ್ದವು.

ನಾಗವೇಣಿ ನಿಂತಳು. ಚಪ್ಪಲಿ ಬಿಟ್ಟಳು. ನಾನು ಜಾರೀತು ಎನ್ನುವಷ್ಟರಲ್ಲಿ ಇಳಿದು ಆ ಹಾಸಿನ ಮೇಲೆ ಹೋಗಿ ನಿಂತಿದ್ದಳು.

"ಇಲ್ಲಿ ಈಗಷ್ಟೇ ನೀರು ಇಳಿದು ಹೋಗಿದೆ" ಎಂದಳು.

"ಹೌದು, ನಿನ್ನಿ ಮಳಿ ಬಂದಿತ್ತಲ್ಲ."

"ಮಳೆ ನೀರಲ್ಲ ಮಾರಾಯ್ರೇ!" ಅವಳು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಗ್ಗಿ ಒಂದು ಸುಕ್ಕನ್ನು ಮುಟ್ಟಿದಳು. ಸಮುದ್ರದ ನೀರು ಇಳಿದು ದೂರ ಹೋದಾಗ ಅವರ ಊರಿನ ಉಸುಕಿನ ಮೇಲೆ ಇಂಥವೇ ಗೆರೆಗಳು ಉಳಿಯುತ್ತವಂತೆ. ಚಿಕ್ಕವಳಿದ್ದಾಗಿನಿಂದ ದಿನಾ ಅದರ ಮೇಲೆ ಓಡಾಡಿದವಳು. "ಒಂದು ಕಡೆ ಇಳಿಜಾರು ಇರ್ತದೆ, ಇನ್ನೊಂದು ಕಡೆ ಕಡಿದಾಗಿ. ಕಾಲಿಗೆ ಗೊತ್ತಾಗ್ತದೆ." ಕಣ್ಣು ಮುಚ್ಚಿ ಅತ್ತ ಇತ್ತ ನಾಲ್ಕು ಹೆಜ್ಜೆ ಹಾಕಿ, ಕೈ ಎತ್ತಿ ತೋರಿಸಿದಳು. "ಸಮುದ್ರ ಆ ಕಡೆ."

ಅವಳು ತೋರಿಸಿದ ಕಡೆ ಸೇಡಂ ರಸ್ತೆ ಇತ್ತು. ಒಂದು ಎತ್ತಿನ ಗಾಡಿ ಹೋಗುತ್ತಿತ್ತು. ಅದರಾಚೆ ಬರೀ ತೊಗರಿ ಹೊಲ.

ಕಲ್ಲು ಉಸುಕಿನ ಹಾಗೆ ಕಾಣುತ್ತದೆ ಎಂಬ ಹೋಲಿಕೆ ಮಾತ್ರ ನನಗೆ ತಿಳಿಯಿತು. ಅದಕ್ಕಿಂತ ಹೆಚ್ಚು ಇರಬಹುದು ಎಂದು ನಾನು ಯೋಚಿಸಲಿಲ್ಲ. ಅವಳ ಪಾದದ ಸುತ್ತ ನಿಂತ ನೀರನ್ನು ನೋಡುತ್ತಿದ್ದೆ. ಆ ಸಂಜೆ ಅವಳು ಕಾಲು ತೊಳೆಯಲಿಲ್ಲ ಎಂಬುದು ನನಗೆ ನೆನಪಿದೆ.

ಮುಂದಿನ ವಾರ ಅವಳ ಕೋಣೆಯಲ್ಲಿ ಚೇಳು ಬಂತು. ಆ ಕೋಣೆಗೆ ಮಣ್ಣಿನ ನೆಲ. ಕಲ್ಲಿನ ಊರಾಗಿದ್ದು ಕಲ್ಲು ಹಾಕಿಸದೆ ಒಂದು ಹೆಣ್ಣುಮಗಳನ್ನು ಚೇಳಿನ ಜೊತೆ ಮಲಗಿಸಿದರೆ ಮಂದಿ ಏನಂದಾರು ಎಂದು ಅವ್ವ ಗಡಿಬಿಡಿ ಮಾಡಿದಳು. ನಾನು ಪರಸಿ ತರಲು ಹೊರಟಾಗ ನಾಗವೇಣಿ ಹಿಂದೆಯೇ ಬಾಗಿಲವರೆಗೆ ಬಂದಳು.

"ಒಂದು ಕೇಳಲಾ? ಆ ಸುಕ್ಕಿನ ಕಲ್ಲು ಒಂದೇ ಒಂದು ತರ್ತೀರಾ? ನನ್ನ ಮಂಚದ ಪಕ್ಕ. ಬೆಳಿಗ್ಗೆ ಏಳುವಾಗ ಕಾಲು ಅದರ ಮೇಲೆ ಬೀಳಬೇಕು."

ಗಣಿಯವರು ನಗುತ್ತ ಅದನ್ನು ಪುಕ್ಕಟೆ ಕೊಟ್ಟರು. "ಮದಿವಿ ವಯಸ್ಸಿನಾಗ ಮುದುಕಿ ಹೊತ್ಕೊಂಡು ಹೊಂಟಾನ ನೋಡ್ರಿ" ಎಂದು ಗಾಡಿಗೆ ಏರಿಸಿದರು. ಮರುದಿನ ಮೌಲಾಸಾಬರು ಬಂದರು. ಸುಕ್ಕಿನ ಕಲ್ಲು ಮಂಚದ ಬದಿಗೆ ಎಂದಷ್ಟೇ ಅವರಿಗೆ ಹೇಳಿ ನಾನು ಸೈಡಿಂಗಿಗೆ ಹೋದೆ. ನಾಗವೇಣಿ ದವಾಖಾನೆಯಲ್ಲಿದ್ದಳು.

ಸಂಜೆ ನಾವು ಬರುವಷ್ಟರಲ್ಲಿ ನೆಲ ಮುಗಿದಿತ್ತು. ಮೌಲಾಸಾಬರು ಗಡ್ಡಕ್ಕೆ ಹತ್ತಿದ ಗಾರೆ ಕೆರೆದುಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ಒಂದು ತಂಬಿಗೆ ನೀರನ್ನು ಮೂಲೆಯಲ್ಲಿ ಸುರಿದರು. ಅದು ಎಲ್ಲಿಯೂ ನಿಲ್ಲದೆ ಬಚ್ಚಲ ಕಡೆ ಹರಿದು ಹೋಯಿತು.

"ನೋಡ್ರಿ ನರ್ಸ್ ಬಾಯಿ, ಗಾಜಿನಂಗ ಆಗ್ಯದ."

ನಾಗವೇಣಿ ಮಂಚದ ಬದಿಯನ್ನು ನೋಡಿದಳು. ಅಲ್ಲೂ ಉಳಿದ ಕಡೆಯಂತೆಯೇ ಸಮನಾದ ಬೂದು ನೆಲ.

"ಆ ಕಲ್ಲು, ಚಾಚಾ?"

"ಅದಾ? ಅಲ್ಲೇ ಅದ, ನೀವು ಹೇಳಿದ ಜಾಗಾದಾಗೇ." ಅವರು ದನಿ ತಗ್ಗಿಸಿದರು. "ಅದರ ಮಾರಿ ಕೆಳಗ ಮಾಡೀನಿ. ಖರ್ಚು ಉಳೀಲಿ ಅಂತ ನೀವು ಮುದುಕಿ ಕಲ್ಲು ಒಪ್ಪಿದ್ರಿ, ನನಗ ತಿಳೀತು. ನಿಮ್ಮ ಇಜ್ಜತ್ ನಮ್ಮ ಇಜ್ಜತ್. ಯಾರಿಗೂ ಗೊತ್ತಾಗಂಗಿಲ್ಲ. ಮತ್ತ ಸುಕ್ಕು ಕೆಳಗ ಆದ್ರ ಗಾರಿ ಗಟ್ಟಿ ಹಿಡೀತದ. ಮನಿ ಬಿದ್ರೂ ಅದು ಅಲ್ಲಾಡಂಗಿಲ್ಲ."

"ಭಾಳ ಶಾಣ್ಯಾ ಕೆಲಸ ಮಾಡೀರಿ" ಎಂದಳು ಅವ್ವ.

ನಾಗವೇಣಿ ಬಗ್ಗಿ ಆ ನುಣುಪು ನೆಲವನ್ನು ಅಂಗೈಯಿಂದ ಸವರಿದಳು. ಆಮೇಲೆ, "ಭಾಳ ಚಂದ ಆಗಿದೆ ಚಾಚಾ" ಎಂದು ಒಳಗೆ ಹೋಗಿ ಚಹಾ ಮಾಡಿ ತಂದಳು. ನಮ್ಮ ಮಾತಿನ 'ಭಾಳ' ಅವಳ ಬಾಯಿಗೆ ಬಂದದ್ದು ಅವತ್ತೇ ಮೊದಲು.

ಅವರು ಹೋದ ಮೇಲೆ ಅವಳು ಹಿತ್ತಲಿನಲ್ಲಿ ಕಾಲು ತೊಳೆಯುತ್ತಿದ್ದಳು. ಕೊಡ ಖಾಲಿಯಾದದ್ದೂ ಗೊತ್ತಿಲ್ಲದೆ ಹಾಗೇ ಬಗ್ಗಿಸಿ ಹಿಡಿದಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಗಾರಿ ಇನ್ನಾ ಹಸಿ ಅದ. ಈಗಾದ್ರ ಎತ್ತಿ ಹೊರಳಿ ಹಾಕಬಹುದು. ಸಾಬರಿಗಿ ನಾ ಹೇಳ್ತೀನಿ" ಎಂದೆ.

"ಬೇಡ. ಯಾವತ್ತೂ ಹೇಳ್ಬೇಡಿ. ಅವರ ಮುಖ ನೋಡಿದ್ರಲ್ಲ? ಅಷ್ಟು ಖುಷಿಯಿಂದ ನನ್ನ ಮರ್ಯಾದೆ ಕಾಪಾಡಿದ್ದಾರೆ. ತಪ್ಪಾಯ್ತು ಅಂತ ಹೇಗೆ ಹೇಳೋದು?" ಕೊಡ ಕೆಳಗಿಟ್ಟಳು. "ಇನ್ನೆಷ್ಟು ದಿನ. ಹೋಗಿ ನಮ್ಮೂರಲ್ಲೇ ತುಳೀತೇನೆ, ಬಿಡಿ."

ಹೋಗುವ ಮಾತನ್ನು ಅವಳು ಅಷ್ಟು ಹಗುರಾಗಿ ಹೇಳಿದಾಗ ಅದು ನನ್ನ ಹತ್ತಿರಕ್ಕೆ ಬಂತು. ಆಮೇಲೆ ದೂರ ಸರಿಸಲು ಆಗಲಿಲ್ಲ. ಆ ಮಳೆಗಾಲವೆಲ್ಲ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ನನಗೆ ಆಗುತ್ತಿರಲಿಲ್ಲ.

ಆದರೆ ದಿನಗಳು ಕೆಟ್ಟವಾಗಿರಲಿಲ್ಲ. ಅವ್ವ ಅವಳಿಗೆ ರೊಟ್ಟಿ ಬಡಿಯಲು ಕಲಿಸುತ್ತಿದ್ದಳು. ಜೋಳದ ಹಿಟ್ಟು ಅವಳ ಕೈಗೆ ಬಗ್ಗುತ್ತಿರಲಿಲ್ಲ. ಅಂಚು ಒಡೆದು, ಒಂದು ಕಡೆ ಉದ್ದವಾಗಿ, ಭೂಪಟದಂತೆ ಆಗುತ್ತಿತ್ತು. ರಾಜ್ಯದ ಹೆಸರು ಬದಲಾಗುತ್ತದೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದ ದಿನಗಳು. ಅವ್ವ ಅವಳ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ಮೈಸೂರೋ, ಕರ್ನಾಟಕೋ?" ಎಂದು ಕೇಳಿದಳು. "ಮಧ್ಯ ಸುಟ್ಟದ್ದು ಶಹಾಬಾದ ಅಮ್ಮಾ" ಎಂದಳು ನಾಗವೇಣಿ. ಇಬ್ಬರೂ ಒಲೆಯ ಮುಂದೆ ನಗುತ್ತ ಕೂತಿದ್ದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಮನೆ ತುಂಬಿದಂತಿತ್ತು. ಹಾಗೆಂದು ಯಾರಿಗೂ ಹೇಳುವ ಧೈರ್ಯ ನನಗಿರಲಿಲ್ಲ. ಅವಳ ಜಾತಿ ಬೇರೆ, ಊಟ ಬೇರೆ. ಮೇಲಾಗಿ ಅವಳು ಹೋಗುವವಳು.

ದೀಪಾವಳಿಯ ಹೊತ್ತಿಗೆ ಆರ್ಡರ್ ಬಂತು. ಅವಳು ಮೈಸೂರು ರಾಜ್ಯದಲ್ಲಿ ಬಂದವಳು, ಕರ್ನಾಟಕದಲ್ಲಿ ಹೊರಟಳು. ಅವ್ವ ದಾರಿಗೆ ಶೇಂಗಾ ಹೋಳಿಗೆ ಮಾಡಿದಳು. ಬೆಳಗಿನ ಸೊಲ್ಲಾಪುರದ ಗಾಡಿಗೆ ಹೋಗುವುದು, ಅಲ್ಲಿಂದ ಹುಬ್ಬಳ್ಳಿ, ಆಮೇಲೆ ಬಸ್ಸಿನಲ್ಲಿ ಘಟ್ಟ ಇಳಿಯುವುದು. ಹೊರಡುವ ದಿನ ನಾನು ಅವಳ ಟ್ರಂಕಿಗೆ ಹಗ್ಗ ಕಟ್ಟುತ್ತಿದ್ದೆ. ಆಗ ಮೌಲಾಸಾಬರು ಹೆಗಲ ಮೇಲೆ ಹಾರೆ ಇಟ್ಟುಕೊಂಡು, ಸಲಾಮು ಸಹ ಹೇಳದೆ, ನೇರ ಹಿಂದಿನ ಕೋಣೆಗೆ ಬಂದರು. ಕಣ್ಣು ಕೆಂಪಾಗಿದ್ದವು.

"ಬಾಯಿ, ಸರೀರಿ. ಆ ಕಲ್ಲು ಎತ್ತತೀನಿ."

"ಎಂತಕ್ಕೆ ಚಾಚಾ? ಎಂತಾಯ್ತು?"

ಹಿಂದಿನ ದಿನ ಗಣಿಗೆ ಕಾಲೇಜಿನ ಕೆಲವರು ಸುತ್ತಿಗೆ, ಚೀಲ ಹಿಡಿದು ಬಂದಿದ್ದರಂತೆ. ಮುದುಕಿ ಕಲ್ಲುಗಳನ್ನೇ ಆರಿಸಿ ಆರಿಸಿ ನೋಡಿದರಂತೆ. ಗಣಿಯವರು ಅದು ಹಾಳು ಕಲ್ಲು ಎಂದರೆ, ಬಂದ ಹಿರಿಯರು, ಹಾಳಲ್ಲ, ಇದು ಸಮುದ್ರದ ತಳ, ಈ ಸೀಮೆಯೆಲ್ಲ ಒಂದು ಕಾಲಕ್ಕೆ ಸಮುದ್ರವೇ ಇತ್ತು, ಕೆಸರು ಪದರು ಪದರಾಗಿ ಕೂತು ಕಲ್ಲಾಯಿತು, ಈ ಸುಕ್ಕು ಅಲೆಯ ಗುರುತು ಎಂದರಂತೆ.

"ಅದನ್ನ ಕೇಳಿದ ಕೂಡ್ಲೆ ನನಗ ಹೊಳೀತು. ಬಾಯಿ ಆ ಕಲ್ಲು ಪುಕ್ಕಟೆ ಅಂತ ಕೇಳಿಲ್ಲ, ತನ್ನ ಊರು ಅಂತ ಕೇಳ್ಯಾಳ. ನಾ ಹುಚ್ಚ ಸೂಳೇಮಗ, ಅದರ ಮಾರಿ ಮಣ್ಣಿಗಿ ಹಚ್ಚೀನಿ!" ಹಾರೆಯನ್ನು ಸಂದಿಗೆ ಇಟ್ಟರು. "ಹೋಗೂದರಾಗ ಒಂದ್ಸಲ ನೋಡಿ ಹೋಗ್ರಿ. ಒಡದ್ರ ಒಡೀಲಿ, ಎತ್ತೇ ಎತ್ತತೀನಿ."

ಅವ್ವ ಹಾರೆಯ ತುದಿ ಹಿಡಿದಳು. ಅವಳಿಗೆ ಇದೆಲ್ಲ ಹೊಸದು. "ತಡೀರಿ ಸಾಬ್. ಸಮುದ್ರ ಅಂದ್ರ ನಮ್ಮ ಶಹಾಬಾದದಾಗ? ಹಂಗಾದ್ರ ಮೀನ ಎಲ್ಲಿ ಹೋದ್ವು?"

"ನಾವೂ ಅದನ್ನೇ ಕೇಳಿದ್ವಿ ಅಕ್ಕಾ. ಆಗ ಇನ್ನಾ ಮೀನೇ ಹುಟ್ಟಿದ್ದಿಲ್ಲಂತ. ಬರೇ ನೀರು."

"ಮೀನ ಇಲ್ಲದ ಸಮುದ್ರಾ?"

"ಹೌದ್ರಿ."

ಅವ್ವ ಆ ಕಲ್ಲನ್ನು ನೋಡಿದಳು. ನಾಗವೇಣಿಯನ್ನು ನೋಡಿದಳು. "ಹಂಗಾದ್ರ ಅದು ನಮ್ಮ ಮಂದೀದೇ" ಎಂದಳು. "ಇಷ್ಟು ದಿನ ಸಮುದ್ರದ ಮ್ಯಾಲೇ ರೊಟ್ಟಿ ಬಡೀಲಿಕತ್ತಿದ್ನಾ? ಯಾರೂ ಹೇಳಲಿಲ್ಲ ನೋಡು."

ಯಾರೂ ನಗಲಿಲ್ಲ. ಮೌಲಾಸಾಬರು ಮತ್ತೆ ಹಾರೆಗೆ ಭಾರ ಹಾಕಲು ಹೋದರು. ನಾಗವೇಣಿ ಮುಂದೆ ಬಂದು, ಪ್ರಯಾಣಕ್ಕೆಂದು ಉಟ್ಟ ಹೊಸ ಸೀರೆಯಲ್ಲೇ, ಆ ಕಲ್ಲಿನ ಮೇಲೆ ಕೂತುಬಿಟ್ಟಳು.

"ಎತ್ತಬೇಡಿ ಚಾಚಾ."

"ಯಾಕವ್ವಾ? ನೀ ನೋಡಬಾರ್ದೇನು?"

"ನೋಡಿದ್ದೇನೆ. ಈಗ ಎತ್ತಿದರೆ, ನೋಡಿದ ಮೇಲೆ ನಾನು ಅದನ್ನು ಬಿಟ್ಟು ಹೋಗಬೇಕಾಗ್ತದೆ." ಅಂಗೈಯನ್ನು ನೆಲದ ಮೇಲೆ ಊರಿದಳು. "ಗಟ್ಟಿ ಹಿಡಿದಿದೆ ಅಂದ್ರಿ ಅಲ್ವಾ. ಹಾಗೇ ಇರಲಿ."

ಸ್ಟೇಷನ್ನಿನ ಕಡೆಯಿಂದ ಗಾಡಿಯ ಸೀಟಿ ಕೇಳಿಸಿತು. ನಾನು ಹಗ್ಗದ ಗಂಟನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಆ ಹೊತ್ತಿಗೆ ಒಂದು ಮಾತು ನನ್ನಿಂದ ಬರಬೇಕಾಗಿತ್ತು. ಬರಲಿಲ್ಲ. ಅವಳು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಮಾತು ಬಂದದ್ದು ಅವ್ವನಿಂದ.

"ಗಾಡಿ ಬಂತು. ಹೋಗಾಕಿ ಇದ್ರ ಏಳು, ಇವ ಟ್ರಂಕ್ ಹೊರ್ತಾನ. ಇರಾಕಿ ಇದ್ರ ಹೇಳು, ನಾ ಹಿಟ್ಟು ನಾದ್ತೀನಿ."

ನಾಗವೇಣಿ ಇನ್ನೂ ನನ್ನನ್ನೇ ನೋಡುತ್ತಿದ್ದಳು. ನಾನು ಬಗ್ಗಿ ಹಗ್ಗದ ಗಂಟು ಬಿಚ್ಚತೊಡಗಿದೆ. ಅಷ್ಟೇ ನನ್ನಿಂದ ಆದದ್ದು. ಗಟ್ಟಿಯಾಗಿ ಬಿಗಿದಿದ್ದೆ, ಉಗುರು ಕಿತ್ತು ಹೋಗುವಂತಿತ್ತು.

"ನಾದಿ ಅಮ್ಮಾ" ಎಂದಳು ಅವಳು.

ಮೌಲಾಸಾಬರು ಹಾರೆಯನ್ನು ಗೋಡೆಗೆ ಒರಗಿಸಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

ಮದುವೆ ಅಷ್ಟು ಸುಲಭವಾಗಿ ಆಗಲಿಲ್ಲ. ಎರಡೂ ಕಡೆಯ ನೆಂಟರಲ್ಲಿ ಕೆಲವರು ಬರಲಿಲ್ಲ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಮದುವೆಯಾದ ಮೇಲೆ ಒಮ್ಮೆ ಅವಳ ಊರಿಗೆ ಹೋದೆವು. ನೀರು ಇಳಿದ ಹೊತ್ತಿಗೆ ನನ್ನನ್ನು ದಂಡೆಗೆ ಕರೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ ನಿಲ್ಲಿಸಿದಳು. ಕಾಲ ಕೆಳಗೆ ನಮ್ಮ ಗಣಿಯ ಕಲ್ಲೇ ಇತ್ತು, ಇನ್ನೂ ಹಸಿಯಾಗಿ, ಮೆತ್ತಗೆ. ಇಲ್ಲಿ ಕಲ್ಲು ಇನ್ನೂ ಆಗುತ್ತಿದೆ ಎಂದು ನನಗೆ ಅನಿಸಿತು. ಹೇಳಿದೆ. ಅವಳು ಅಂದು ಗಣಿಯಲ್ಲಿ ನಕ್ಕ ಹಾಗೇ ನಕ್ಕಳು.

ಶಹಾಬಾದಿನಲ್ಲಿ ಬಿಸಿಲಿಗೆ ಕಾದ ನೆಲದ ಮೇಲೆ ನೀರು ಹಾಕಿದಾಗ ಏಳುವ ಆ ವಾಸನೆಗೆ ಅವಳು 'ಇಳಿತ' ಎನ್ನುತ್ತಿದ್ದಳು. ಸಮುದ್ರ ಇಳಿದಾಗಿನ ವಾಸನೆಯಂತೆ. ನನಗೆ ಅದು ಯಾವತ್ತೂ ಸಿಗಲಿಲ್ಲ. ನನ್ನ ಮೂಗಿಗೆ ಅದು ಕಲ್ಲು, ಅಷ್ಟೇ. ಅವ್ವ ಇರುವವರೆಗೂ ನೆಂಟರ ಮುಂದೆ, "ನಮ್ಮ ಹಿಂದಿನ ಖೋಲ್ಯಾಗ ಸಮುದ್ರ ಅದ, ಮೀನ ಇಲ್ಲದ್ದು" ಎಂದು ಹೇಳಿ ಅವರ ಮುಖ ನೋಡಿ ಸಂತೋಷಪಡುತ್ತಿದ್ದಳು. ಕಡೆಯ ದಿನಗಳಲ್ಲಿ ನಾಗವೇಣಿಗೆ ನಡೆಯಲು ಆಗುತ್ತಿರಲಿಲ್ಲ. ಮಂಚದ ಅಂಚಿಗೆ ಕೂರಿಸಿದರೆ ಪಾದ ಕೆಳಗೆ ಬಿಟ್ಟು, ನೆಲಕ್ಕೆ ತಾಗಿಸಿಕೊಂಡು ಕೂರುತ್ತಿದ್ದಳು. ತಣ್ಣಗಿದೆ ಎನ್ನುತ್ತಿದ್ದಳು.

ಹೋದ ವಾರ ಸುಮಾ ನನ್ನ ಮಾತು ಕೇಳದೆ ಗವಂಡಿಯನ್ನು ಕರೆಸಿದಳು. ಮೌಲಾಸಾಬರು ಈಗಿಲ್ಲ. ಅವರ ಮಗ ಚಾಂದಸಾಬ ಬಂದ. ಅವನಿಗೂ ಈಗ ಗಡ್ಡ ನರೆತಿದೆ. ಹಾರೆ ಸಂದಿಗೆ ಇಡುವ ಮೊದಲು ನನ್ನ ಕಡೆ ನೋಡಿದ. "ಅಬ್ಬಾ ಹೇಳಿದ್ರು, ಈ ಕಲ್ಲು ಎತ್ತಬ್ಯಾಡಂತ ಮಾತಾಗ್ಯದಂತ. ಎತ್ತಲೇನ್ರಿ?"

ನಾನು ತಲೆಯಾಡಿಸಿದೆ. ಹಿಡಿದಿಟ್ಟವಳು ಹೋಗಿದ್ದಳು.

ಸುಲಭವಾಗಿ ಏಳಲಿಲ್ಲ. ಅಲ್ಲಾಡುತ್ತಿದ್ದ ಮೂಲೆಯ ಕಡೆಯಿಂದ ನಿಧಾನ ಬಿಡಿಸುತ್ತ ಬಂದ. ಕೊನೆಗೆ ಒಂದು ಉಸಿರು ಬಿಟ್ಟಂತೆ ಸದ್ದಾಗಿ ಕಲ್ಲು ಬಿಟ್ಟಿತು. ಅವನೂ ಅವನ ಜೊತೆಗಾರನೂ ಅದನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಒರಗಿಸಿದರು. ಸುಕ್ಕುಗಳು ಹಾಗೇ ಇದ್ದವು. ನಾನು ಅದನ್ನೇ ನೋಡುತ್ತಿದ್ದೆ.

"ಅಪ್ಪಾ, ಕೆಳಗ ನೋಡು" ಎಂದಳು ಸುಮಾ.

ಕಲ್ಲು ಇದ್ದ ಜಾಗದಲ್ಲಿ, ಗಟ್ಟಿಯಾದ ಹಳೆಯ ಗಾರೆಯ ಮೇಲೆ, ಅಲೆಗಳಿದ್ದವು. ಹಸಿ ಗಾರೆಯ ಮೇಲೆ ಮೌಲಾಸಾಬರು ಆ ದಿನ ಕಲ್ಲನ್ನು ಮುಖ ಕೆಳಗೆ ಮಾಡಿ ಒತ್ತಿದಾಗ ಮೂಡಿದ್ದವು. ಒಂದು ಮೂಲೆ ಬಿಟ್ಟರೆ ಉಳಿದೆಲ್ಲ ಪೂರ್ತಿ, ಬಾಗಿಲ ಬೆಳಕಿಗೆ ಒಂದೊಂದೂ ನೆರಳು ಹೊತ್ತು, ಆಗಷ್ಟೇ ನೀರು ಇಳಿದು ಹೋದಂತೆ. ಇಷ್ಟು ವರ್ಷ ನಾಗವೇಣಿ ಅದರ ಮೇಲೆಯೇ ಎದ್ದು, ಮಲಗಿದ್ದಳು. ನೋಡಲಿಲ್ಲ.

ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಕಣ್ಣು ಮುಚ್ಚಿದೆ. ಇಳಿಜಾರು ಯಾವ ಕಡೆ ಎಂದು ಕಾಲಿನಿಂದ ಹುಡುಕಿದೆ. ನನ್ನ ಕಾಲಿಗೆ ಗೊತ್ತಾಗಲಿಲ್ಲ.

ಚಾಂದಸಾಬ ಉಸುಕು ತರಿಸಿ ಖಾಲಿಯಾದ ಮೂಲೆಯನ್ನು ತುಂಬಿದ. ಆಮೇಲೆ ಕೇಳಿದ: "ಯಾವ ಮಾರಿ ಮ್ಯಾಲ ಮಾಡ್ಲಿ ಕಾಕಾ? ಸುಕ್ಕು ಮ್ಯಾಲ ಹಾಕಂದ್ರ ಹಾಕ್ತೀನಿ. ಈಗ ಮಂದಿ ಅದನ್ನೇ ಕೇಳಿ ಹಾಕಿಸ್ತಾರ."

ಸುಮಾ ನನ್ನನ್ನು ನೋಡುತ್ತಿದ್ದಳು. ಮೇಲೆ ಹಾಕಿಸಬಹುದಾಗಿತ್ತು. ನಾಗವೇಣಿ ಮೊದಲು ಕೇಳಿದ್ದು ಅದನ್ನೇ. ಆದರೆ ಕೆಳಗಿನ ಗಾರೆ ಅಲೆಗೆ ಅಲೆ ಕೊಟ್ಟು ಕಾಯುತ್ತಿತ್ತು. ಆ ಕಲ್ಲು ಕೂರುವುದು ಒಂದೇ ರೀತಿ.

"ಹೆಂಗಿತ್ತೋ ಹಂಗ" ಎಂದೆ.

ಅವನು ಕಲ್ಲನ್ನು ಇಳಿಸಿದ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಸರಿಸಿದ. ಅದು ತನ್ನ ಜಾಗಕ್ಕೆ ಕೂತದ್ದು ನಮ್ಮೆಲ್ಲರಿಗೂ ಕೇಳಿಸಿತು.

ಈಗ ಅದು ಅಲ್ಲಾಡುವುದಿಲ್ಲ. ಸುಮಾ ಎಂದಿನಂತೆ ನೀರು ಹಾಕಿ ಒರೆಸುತ್ತಾಳೆ. ನಾನು ಮಲಗುವುದು ಈಗ ಆ ಕೋಣೆಯಲ್ಲೇ. ಬೆಳಿಗ್ಗೆ ಏಳುವಾಗ ನಾಗವೇಣಿಯ ಬದಿಯಿಂದ ಕಾಲು ಇಳಿಬಿಡುತ್ತೇನೆ.